ಗಣಿಯ ಹಾಡು, ಗ್ಯಾರೇಜಿನ ಗದ್ದಲ: ಅಂಕಲ್ ಟುಪೆಲೊ ಬ್ಯಾಂಡ್ ಕುರಿತು

(ಸಂಗೀತಾಸಕ್ತರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೇಳಿಸಿದ ಹಾಡುಗಳ ಜಾಗದಲ್ಲಿ ಇಲ್ಲಿ ಅವುಗಳ ವಿವರಣೆ ಇದೆ.)

ಎಲ್ಲರಿಗೂ ನಮಸ್ಕಾರ.

ಇಂದಿನ ನನ್ನ ಮಾತು ಅಂಕಲ್ ಟುಪೆಲೊ ಎಂಬ ಅಮೆರಿಕದ ಬ್ಯಾಂಡ್ ಕುರಿತು. 1987ರಲ್ಲಿ ಹುಟ್ಟಿ 1994ರಲ್ಲಿ ಮುಗಿದ ಬ್ಯಾಂಡ್ ಇದು. ಏಳು ವರ್ಷ, ನಾಲ್ಕು ಆಲ್ಬಮ್. ಅವು ಬಂದ ಕಾಲಕ್ಕೆ ರೇಡಿಯೊದಲ್ಲಿ ಕೇಳಿಬಂದದ್ದು ಕಡಿಮೆ, ಅಂಗಡಿಗಳಲ್ಲಿ ಬಿಕರಿಯಾದದ್ದೂ ಅಷ್ಟಕ್ಕಷ್ಟೆ. ಆದರೆ ಪಂಕ್ ಎಂಬ ಒರಟು, ವೇಗದ ರಾಕ್ ಕೇಳುತ್ತ ಬೆಳೆದ ಒಂದು ತಲೆಮಾರಿನ ಹುಡುಗ ಹುಡುಗಿಯರು 1990ರ ದಶಕದಲ್ಲಿ ಬ್ಯಾಂಜೊ, ಫಿಡಲ್, ಮ್ಯಾಂಡೊಲಿನ್ ಕೈಗೆತ್ತಿಕೊಂಡದ್ದು ಹೇಗೆ ಎಂದು ಹುಡುಕುತ್ತ ಹೋದರೆ, ಬಹಳಷ್ಟು ಸಲ ಹೆಜ್ಜೆಗುರುತು ಇವರ ಊರಿನವರೆಗೆ ಬಂದು ನಿಲ್ಲುತ್ತದೆ.

ಪಂಕ್ ಮತ್ತು ಜಾನಪದವನ್ನು ಬೆರೆಸಿದವರು ಎಂದು ಇವರನ್ನು ಪರಿಚಯಿಸುವುದು ವಾಡಿಕೆ. ಅಷ್ಟು ಹೇಳಿದರೆ ಸಾಲದು ಎಂದು ನನ್ನ ಅಭಿಪ್ರಾಯ. ಎರಡು ಶೈಲಿಗಳನ್ನು ಜೋಡಿಸುವ ಚಾಕಚಕ್ಯತೆ ಯಾವ ಒಳ್ಳೆಯ ವಾದ್ಯಗಾರನಿಗೂ ಇರುತ್ತದೆ. ಕೆಂಟಕಿಯ ಗಣಿ ಕಾರ್ಮಿಕರ ಹಾಡು ಮತ್ತು ಕ್ಯಾಲಿಫೋರ್ನಿಯದ ಪಂಕ್ ಹಾಡು ಒಂದೇ ಬಗೆಯ ಜನರ ಒಂದೇ ಬಗೆಯ ಅಗತ್ಯದಿಂದ ಹುಟ್ಟಿದವು ಎಂಬುದನ್ನು ಈ ಹುಡುಗರು ಇಪ್ಪತ್ತು, ಇಪ್ಪತ್ತೆರಡನೆಯ ವಯಸ್ಸಿಗೇ ಗುರುತಿಸಿದ್ದರು. ತಮ್ಮ ಊರಿನ ಬದುಕನ್ನು ಹೇಳಿಕೊಳ್ಳಲು ಅವರಿಗೆ ಎರಡೂ ಬೇಕಾಗಿದ್ದವು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಹಾಗಾಗಿ ಮೊದಲು ಊರಿನ ವಿಚಾರ.

ಇಲಿನಾಯ್ ರಾಜ್ಯದ ದಕ್ಷಿಣ ಭಾಗದಲ್ಲಿ, ಮಿಸಿಸಿಪಿ ನದಿಯಾಚೆಗಿನ ಸೇಂಟ್ ಲೂಯಿಸ್ ನಗರಕ್ಕೆ ಹತ್ತಿರದಲ್ಲಿ ಬೆಲ್‌ವಿಲ್ ಎಂಬ ಊರಿದೆ. ಆಗ ಸುಮಾರು 40 ಸಾವಿರ ಜನಸಂಖ್ಯೆ. ಜರ್ಮನ್ ವಲಸಿಗರು ಬಂದು ಬೆಳೆಸಿದ ಊರು. ನೆಲದಡಿಯಲ್ಲಿ ಕಲ್ಲಿದ್ದಲು, ನೆಲದ ಮೇಲೆ ಕಬ್ಬಿಣದ ಒಲೆಗಳನ್ನು ಎರಕ ಹೊಯ್ಯುವ ಕಾರ್ಖಾನೆಗಳು, ಬಿಯರ್ ತಯಾರಿಸುವ ಭಟ್ಟಿ. ನಮ್ಮ ಕಥೆ ಶುರುವಾಗುವ 1980ರ ದಶಕಕ್ಕೆ ಇವೆಲ್ಲವೂ ಇಳಿಮುಖವಾಗಿದ್ದವು ಅಥವಾ ಮುಚ್ಚಿಹೋಗಿದ್ದವು. ಅಪ್ಪಂದಿರ ತಲೆಮಾರಿಗೆ ಸಿಕ್ಕ ಕಾಯಂ ಕೆಲಸ ಮಕ್ಕಳಿಗೆ ಸಿಗುವ ಭರವಸೆ ಇರಲಿಲ್ಲ. ಸಂಜೆಯಾದರೆ ಹೋಗಲು ಬಾರ್ ಬಿಟ್ಟರೆ ಮತ್ತೊಂದು ಜಾಗವೂ ಇರಲಿಲ್ಲ.

ಈ ಊರಿನ ಹೈಸ್ಕೂಲಿನಲ್ಲಿ ಜೇ ಫರಾರ್ ಮತ್ತು ಜೆಫ್ ಟ್ವೀಡಿ ಒಂದೇ ತರಗತಿಯಲ್ಲಿ ಪರಿಚಯವಾದರು. ಫರಾರ್ ಅವರ ತಂದೆ ತಾಯಿ ಮಿಸೌರಿಯ ಓಝಾರ್ಕ್ ಬೆಟ್ಟಸೀಮೆಯ ಕಡೆಯವರು. ತಂದೆಗೆ ಹಳೆಯ ಹಾಡುಗಳ ಹುಚ್ಚು, ಅಕಾರ್ಡಿಯನ್ ನುಡಿಸುತ್ತಿದ್ದರು. ತಾಯಿ ಹಳೆಯ ಪುಸ್ತಕಗಳ ಅಂಗಡಿ ನಡೆಸುತ್ತಿದ್ದರು. ಅಣ್ಣಂದಿರೂ ವಾದ್ಯಗಾರರೇ. ಟ್ವೀಡಿ ಅವರದು ರೈಲ್ವೆ ನೌಕರರ ಮನೆ. ಅವರಿಗೆ ಪಂಕ್ ರೆಕಾರ್ಡುಗಳ ಗೀಳು. ಫರಾರ್ ಸೋದರರ ಜೊತೆ ಸೇರಿ ಮೊದಲು ಕಟ್ಟಿದ ತಂಡ 1960ರ ದಶಕದ ಗ್ಯಾರೇಜ್ ರಾಕ್, ಅಂದರೆ ಮನೆಯ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುವ ಹುಡುಗರ ಒರಟು ರಾಕ್ ಹಾಡುಗಳನ್ನು ಅತಿ ವೇಗದಲ್ಲಿ ನುಡಿಸುತ್ತಿತ್ತು. ಅಣ್ಣ ವೇಡ್ ಸೈನ್ಯ ಸೇರಲು ಹೊರಟ ಮೇಲೆ ಉಳಿದವರು ಮೂವರು. ಗಿಟಾರ್ ಹಿಡಿದ ಫರಾರ್, ಬೇಸ್ ಹಿಡಿದ ಟ್ವೀಡಿ, ಡ್ರಮ್ ಬಾರಿಸುವ ಮೈಕ್ ಹೈಡಾರ್ನ್. 1987ರಲ್ಲಿ ಈ ಮೂವರೇ ಅಂಕಲ್ ಟುಪೆಲೊ ಆದರು. ನಿಘಂಟಿನಿಂದ ಎತ್ತಿದ ಎರಡು ಪದಗಳನ್ನು ಜೋಡಿಸಿ ಹೆಸರಿಟ್ಟುಕೊಂಡರಂತೆ. ಆ ಹೆಸರು ಕೇಳಿದ ಗೆಳೆಯನೊಬ್ಬ ವಯಸ್ಸಾದ ಎಲ್ವಿಸ್ ಪ್ರೀಸ್ಲಿಯಂತಹ ಮುದುಕನ ಚಿತ್ರ ಬರೆದುಕೊಟ್ಟನೆಂದೂ ಹೇಳುತ್ತಾರೆ. ಎಲ್ವಿಸ್ ಹುಟ್ಟಿದ್ದು ಮಿಸಿಸಿಪಿಯ ಟುಪೆಲೊದಲ್ಲಿ.

ಪಂಕ್ ಎಂದರೆ ಏನು ಎಂದು ಇಲ್ಲಿ ಕೆಲವರಿಗಾದರೂ ಹೇಳಬೇಕು. 1970ರ ದಶಕದ ನಡುವಿಗೆ ರಾಕ್ ಸಂಗೀತ ಶ್ರೀಮಂತವಾಗಿತ್ತು. ಕ್ರೀಡಾಂಗಣಗಳಲ್ಲಿ ಕಛೇರಿ, ಹತ್ತು ನಿಮಿಷದ ಗಿಟಾರ್ ಆಲಾಪ, ಲಾರಿಗಟ್ಟಲೆ ಸಾಮಾನು. ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡ್ ಬಂದು ಎರಡೇ ನಿಮಿಷದ, ಮೂರೇ ಸ್ವರಮೇಳದ (ಕಾರ್ಡ್) ಹಾಡು ನುಡಿಸಿತು. ವಿದ್ವತ್ತು ಬೇಕಿಲ್ಲ, ದುಬಾರಿ ವಾದ್ಯ ಬೇಕಿಲ್ಲ, ಹೇಳಲು ಮಾತಿದ್ದರೆ ವೇದಿಕೆ ಹತ್ತಬಹುದು ಎಂಬ ಧೈರ್ಯ ಅಲ್ಲಿಂದ ಹರಡಿತು. 1980ರ ದಶಕದಲ್ಲಿ ಅಮೆರಿಕದ ಸಣ್ಣ ಊರುಗಳಿಗೂ ಅದು ತಲುಪಿತು. ಬೆಲ್‌ವಿಲ್‌ನ ಹುಡುಗರಿಗೆ ಹೆಚ್ಚು ಹತ್ತಿರವಾದದ್ದು ಕ್ಯಾಲಿಫೋರ್ನಿಯದ ಸ್ಯಾನ್ ಪೆಡ್ರೊ ಬಂದರಿನ ಮಿನಟ್‌ಮೆನ್ ಎಂಬ ಮೂವರ ತಂಡ. ಅವರೂ ಕೂಲಿಕಾರ ಮನೆಗಳ ಮಕ್ಕಳು. ಅದರ ಗಾಯಕ ಡಿ. ಬೂನ್ 1985ರ ಡಿಸೆಂಬರಿನಲ್ಲಿ ವ್ಯಾನ್ ಅಪಘಾತದಲ್ಲಿ ತೀರಿಕೊಂಡರು. ಅಂಕಲ್ ಟುಪೆಲೊದ ಎರಡನೆಯ ಆಲ್ಬಮ್‌ನಲ್ಲಿ ಅವರ ಹೆಸರನ್ನೇ ಹೊತ್ತ ಒಂದು ಹಾಡಿದೆ.

ಮೂರು ಸ್ವರಮೇಳ, ಗುರುವಿಲ್ಲದ ಕಲಿಕೆ, ಕೈಗೆಟುಕುವ ವಾದ್ಯ, ದಿನನಿತ್ಯದ ಮಾತು. ಪಂಕ್ ಬಗ್ಗೆ ನಾನು ಹೇಳಿದ ಈ ನಾಲ್ಕನ್ನೂ ಅಮೆರಿಕದ ಪೂರ್ವ ಭಾಗದ ಅಪಲಾಚಿಯ ಬೆಟ್ಟಗಳ ಜನಪದ ಹಾಡಿನ ಬಗ್ಗೆಯೂ ಅಕ್ಷರ ಬದಲಿಸದೆ ಹೇಳಬಹುದು. ವಾರವಿಡೀ ದುಡಿದವರು ಶನಿವಾರ ರಾತ್ರಿ ಕುಣಿಯಲು, ಭಾನುವಾರ ಬೆಳಿಗ್ಗೆ ಪ್ರಾರ್ಥಿಸಲು ಕಟ್ಟಿಕೊಂಡ ಹಾಡುಗಳು ಅವು. ಕೆಲಸ, ಕುಡಿತ, ದೇವರು, ಕೊಲೆ, ರೈಲು, ಸಾವು ಇವೇ ವಸ್ತು. ಈ ಹಾಡುಗಳು ಬಿಳಿಯರವು ಮಾತ್ರ ಎಂದು ತಿಳಿಯಬಾರದು. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ನೆನಪಿನಲ್ಲಿ ಉಳಿದು ಮತ್ತೆ ರೂಪುಗೊಂಡ ವಾದ್ಯ. ಆ ಬೆಟ್ಟಸೀಮೆಯ ಹೆಸರಾಂತ ಹಾಡುಗಾರ ತಂಡವಾದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಬೆಟ್ಟದಿಂದ ಬೆಟ್ಟಕ್ಕೆ ಹಾಡು ಸಂಗ್ರಹಿಸಲು ಅಲೆದಾಗ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು ಜೊತೆಗಿರುತ್ತಿದ್ದರು. ಎ. ಪಿ. ಹಾಡಿನ ಮಾತು ಬರೆದುಕೊಂಡರೆ, ರಿಡಲ್ ಅದರ ಧಾಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಿದ್ದರು. ಆದರೆ 1920ರ ದಶಕದ ರೆಕಾರ್ಡ್ ಕಂಪನಿಗಳು ಒಂದೇ ಸೀಮೆಯ ಹಾಡುಗಳನ್ನು ಬಿಳಿಯರ ಪಟ್ಟಿ, ಕಪ್ಪು ಜನರ ಪಟ್ಟಿ ಎಂದು ಎರಡಾಗಿ ಹಂಚಿ ಮಾರಿದವು. ಆ ವಿಭಜನೆ ಕೇಳುಗರ ತಲೆಯಲ್ಲಿ ಇವತ್ತಿಗೂ ಉಳಿದುಬಿಟ್ಟಿದೆ.

ಮೊದಲ ಆಲ್ಬಮ್‌ಗೆ ಬರೋಣ. 1990ರ ಜನವರಿಯಲ್ಲಿ ಬಾಸ್ಟನ್‌ನ ಫೋರ್ಟ್ ಅಪಾಚಿ ಸ್ಟುಡಿಯೊದಲ್ಲಿ ಮುದ್ರಿಸಿದ 'ನೋ ಡಿಪ್ರೆಶನ್' ಆ ವರ್ಷದ ಜೂನ್‌ನಲ್ಲಿ ರಾಕ್‌ವಿಲ್ ಎಂಬ ಸಣ್ಣ ಕಂಪನಿಯಿಂದ ಬಂತು. ಶೀರ್ಷಿಕೆ ಗೀತೆ ಕಾರ್ಟರ್ ಕುಟುಂಬ 1936ರಲ್ಲಿ ಹಾಡಿ ಮುದ್ರಿಸಿದ್ದು. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ನಲುಗಿದವರು, ಆ ಕಷ್ಟವೇ ಇಲ್ಲದ ಲೋಕಕ್ಕೆ ಹೊರಟಿದ್ದೇವೆ ಎಂದು ಹಾಡುವ ಭಜನೆ ಅದು. 54 ವರ್ಷಗಳ ನಂತರ ಅದನ್ನು 23 ವಯಸ್ಸಿನ ಫರಾರ್ ಹಾಡುತ್ತಾರೆ. ಅಣಕವಿಲ್ಲ, ಹಳೆಯದನ್ನು ಎತ್ತಿ ತೋರಿಸುವ ಜಂಬವಿಲ್ಲ. ಫರಾರ್ ಅವರ ಕಂಠ ಆ ವಯಸ್ಸಿನದಲ್ಲವೇ ಅಲ್ಲ. ತಗ್ಗು ಸ್ಥಾಯಿಯ, ಸ್ವಲ್ಪ ಗೊಗ್ಗರು, ಪದದ ಕೊನೆಯನ್ನು ಎಳೆಯುವ ಧ್ವನಿ. ಹುಡುಗನೊಬ್ಬ ತನ್ನ ಅಜ್ಜನ ಆಯಾಸವನ್ನು ಹೊತ್ತು ಹಾಡುತ್ತಿದ್ದಾನೆ ಎನ್ನುವಂತೆ ಕೇಳುತ್ತದೆ.

ಇದೇ ಆಲ್ಬಮ್‌ನ 'ವಿಸ್ಕಿ ಬಾಟಲ್' ಹಾಡನ್ನು ಈಗಷ್ಟೇ ಕೇಳಿದಿರಿ. ಅದರ ಕಟ್ಟುವಿಕೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಚರಣದಲ್ಲಿ ಅಕೂಸ್ಟಿಕ್ ಗಿಟಾರ್ ನಿಧಾನವಾಗಿ ಸಾಗುತ್ತದೆ, ಹಿಂದಿನಿಂದ, ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ಪೆಡಲ್ ಸ್ಟೀಲ್ ಗಿಟಾರ್ ಎಳೆಎಳೆಯಾಗಿ ಅಳುತ್ತದೆ. ಇದು ಹಳೆಯ ಕಂಟ್ರಿ ಹಾಡಿನ, ಅಂದರೆ ಆ ಜನಪದದಿಂದ ಬೆಳೆದ ಅಮೆರಿಕದ ಜನಪ್ರಿಯ ಸಂಗೀತದ ಲಕ್ಷಣ. ಪಲ್ಲವಿ ಬರುತ್ತಿದ್ದಂತೆ ವಿದ್ಯುತ್ ಗಿಟಾರ್ ಕರ್ಕಶವಾಗಿ ಎರಗುತ್ತದೆ, ಡ್ರಮ್ ಬಲವಾಗಿ ಬೀಳುತ್ತದೆ. ಮತ್ತೆ ಚರಣಕ್ಕೆ ಬಂದರೆ ಅದೇ ಮೆಲುದನಿ. ಹಾಡಿನ ವ್ಯಕ್ತಿ ದೇವರ ಬದಲು ಬಾಟಲಿಯನ್ನು ಆರಿಸಿಕೊಂಡಿದ್ದಾನೆ, ಎಂದೆಂದಿಗೂ ಅಲ್ಲ, ಸದ್ಯಕ್ಕೆ ಮಾತ್ರ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಹಗಲೆಲ್ಲ ಬಾಯಿ ಮುಚ್ಚಿಕೊಂಡು ದುಡಿದವನ ಒಳಗೆ ಏನು ನಡೆಯುತ್ತದೆ ಎಂಬುದಕ್ಕೆ ಈ ಏರಿಳಿತವೇ ಸಾಕ್ಷಿ. ಚರಣದಲ್ಲಿ ಅವನು ಊರಿನ ಎದುರು ಮಾತನಾಡುವ ರೀತಿ, ಪಲ್ಲವಿಯಲ್ಲಿ ಅವನೊಬ್ಬನೇ ಇದ್ದಾಗಿನ ಕೂಗು. ಎರಡು ಶೈಲಿಗಳು ಒಂದೇ ಹಾಡಿನಲ್ಲಿ ಏಕೆ ಬೇಕಾದವು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಆಲ್ಬಮ್ ಆರಂಭವಾಗುವ ಹಾಡು ರಾತ್ರಿಪಾಳಿಯ ಕುರಿತಾದದ್ದು. ಇನ್ನೊಂದು ಹಾಡು ಕಾರ್ಖಾನೆಯ ಕನ್ವೇಯರ್ ಬೆಲ್ಟಿನ ಮುಂದೆ ಬದುಕು ಸವೆಸಲು ಒಲ್ಲದವನದು. ಈ ಹಾಡುಗಳಲ್ಲಿ ವೇಗ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಮಿನಟ್‌ಮೆನ್‌ರಿಂದ ಕಲಿತ ಪಟ್ಟು ಇದು. ಟ್ವೀಡಿ ಅವರ 'ಸ್ಕ್ರೀನ್ ಡೋರ್' ಮಾತ್ರ ಬೇರೆ ಹವೆಯದು. ಮನೆಮುಂದಿನ ಜಗಲಿಯಲ್ಲಿ ಕುಳಿತು, ನಾವೆಲ್ಲ ಬಡವರೇ, ಹಾಡು ಹೇಳಿಕೊಳ್ಳೋಣ ಎನ್ನುವ ಹಗುರ ಧಾಟಿ.

ಕೊನೆಯಲ್ಲಿ 'ಜಾನ್ ಹಾರ್ಡಿ' ಇದೆ. ಇದು ನಡೆದ ಸಂಗತಿ. ಜಾನ್ ಹಾರ್ಡಿ ಎಂಬ ಕಪ್ಪು ಕಾರ್ಮಿಕ ವೆಸ್ಟ್ ವರ್ಜೀನಿಯದಲ್ಲಿ ಜೂಜಿನ ಜಗಳದಲ್ಲಿ ಒಬ್ಬನನ್ನು ಕೊಂದ. 1894ರ ಜನವರಿಯಲ್ಲಿ ವೆಲ್ಚ್ ಎಂಬ ಊರಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಜನ ಅದನ್ನು ಹಾಡು ಕಟ್ಟಿದರು. ಹಲಗಲಿ ಬೇಡರ ಲಾವಣಿ ಕೇಳಿದವರಿಗೆ ಈ ಬಗೆ ಹೊಸದಲ್ಲ, ಸುದ್ದಿ ಹಾಡಾಗಿ ನಡೆದುಹೋಗುವ ಬಗೆ. ಕಾರ್ಟರ್ ಕುಟುಂಬ ಇದನ್ನು 1928ರಲ್ಲಿ ಹಾಡಿತು. ಲೂಸಿಯಾನದ ಕಪ್ಪು ಗಾಯಕ ಲೆಡ್ ಬೆಲ್ಲಿಯೂ ಹಾಡಿದರು. ಅಂಕಲ್ ಟುಪೆಲೊ ಆಯ್ದುಕೊಂಡದ್ದು ಲೆಡ್ ಬೆಲ್ಲಿ ಹಾಡಿದ ರೂಪವನ್ನು. ನುಡಿಸಿದ್ದು ಪಂಕ್ ವೇಗದಲ್ಲಿ. ಬಂಡೆದ್ದು ಓಡುವವನ ಕಥೆಗೆ ಆ ವೇಗ ಎಷ್ಟು ಸಹಜವಾಗಿ ಹೊಂದುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಇವರೇ ಮೊದಲಿಗರೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಕಾಲಾನುಕ್ರಮದಲ್ಲಿ ಅಲ್ಲ. 1968ರಲ್ಲೇ ಗ್ರಾಮ್ ಪಾರ್ಸನ್ಸ್ ಅವರನ್ನು ಸೇರಿಸಿಕೊಂಡು ದಿ ಬರ್ಡ್ಸ್ ತಂಡ ರಾಕ್ ಕೇಳುಗರ ಮುಂದೆ ಕಂಟ್ರಿ ಹಾಡಿತ್ತು. 1980ರ ದಶಕದ ಆರಂಭದಲ್ಲಿ ನ್ಯಾಶ್‌ವಿಲ್‌ನ ಜೇಸನ್ ಅಂಡ್ ದಿ ಸ್ಕಾರ್ಚರ್ಸ್ ಕಂಟ್ರಿಯನ್ನು ಪಂಕ್ ವೇಗಕ್ಕೆ ಏರಿಸಿತು. ಲಾಸ್ ಏಂಜಲೀಸ್‌ನ ಪಂಕ್ ಬ್ಯಾಂಡ್ ಎಕ್ಸ್‌ನ ಸದಸ್ಯರು 1985ರಲ್ಲಿ ದಿ ನಿಟರ್ಸ್ ಎಂಬ ಹೆಸರಿನಲ್ಲಿ ಹಳೆಯ ಹಾಡುಗಳನ್ನು ಹಾಡಿದರು. ಅದೇ ವರ್ಷ ಇಂಗ್ಲೆಂಡಿನ ಲೀಡ್ಸ್ ನಗರದ ಮೀಕಾನ್ಸ್, ಗಣಿ ಕಾರ್ಮಿಕರ ದೊಡ್ಡ ಮುಷ್ಕರ ಸೋತ ಬೆನ್ನಿಗೇ, ಫಿಡಲ್ ಹಿಡಿದು ಕಂಟ್ರಿಯ ಕಡೆ ತಿರುಗಿತು. ಇವರೆಲ್ಲರ ಬಗ್ಗೆ ನನಗೆ ಗೌರವವಿದೆ, ಮೀಕಾನ್ಸ್ ಬಗ್ಗೆ ತುಸು ಹೆಚ್ಚೇ. ಆದರೂ ಮಿಕ್ಕವರಿಗೆ ದಾರಿಯಾದದ್ದು ಅಂಕಲ್ ಟುಪೆಲೊ. ಅವರಲ್ಲಿ ವೇಷ ಇರಲಿಲ್ಲ. ಕೌಬಾಯ್ ಟೋಪಿ ಇಲ್ಲ, ಕಸೂತಿಯ ಅಂಗಿ ಇಲ್ಲ. ಪಕ್ಕದ ಮನೆಯ ಹುಡುಗರು ಹಾಕುವ ಬಟ್ಟೆಯಲ್ಲೇ ವೇದಿಕೆಗೆ ಬಂದು, ತಲೆ ತಗ್ಗಿಸಿ ನುಡಿಸಿ ಇಳಿದುಹೋಗುತ್ತಿದ್ದರು. ಸೇಂಟ್ ಲೂಯಿಸ್‌ನ ವಿಶ್ವವಿದ್ಯಾಲಯದ ಹತ್ತಿರ ಸಿಸೆರೋಸ್ ಎಂಬ ಹೋಟೆಲಿನ ನೆಲಮಾಳಿಗೆಯಲ್ಲಿ ಅವರನ್ನು ಕೇಳಿದ ವಿದ್ಯಾರ್ಥಿಗಳಿಗೆ, ಇದನ್ನು ನಾವೂ ಮಾಡಬಹುದು ಎನ್ನಿಸಿತು.

ಈಗ ನನಗೆ ಅತ್ಯಂತ ಪ್ರಿಯವಾದ ಆಲ್ಬಮ್. ಎರಡನೆಯದನ್ನು ದಾಟಿ ಮೂರನೆಯದಕ್ಕೆ ಹೋಗುತ್ತಿದ್ದೇನೆ, ಎರಡನೆಯದು ಚೆನ್ನಾಗಿಯೇ ಇದೆ, ಮೊದಲನೆಯದರ ಮುಂದುವರಿಕೆ ಎಂದರೆ ಸಾಕು.

1992ರ ವಸಂತ ಎಂಥ ಕಾಲ ಎಂದು ನೆನಪಿಸಿಕೊಳ್ಳಿ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಬಂದ ನಿರ್ವಾಣ ಬ್ಯಾಂಡಿನ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಗಿ, ಗದ್ದಲದ ಗಿಟಾರ್ ನುಡಿಸುವ ಪ್ರತಿಯೊಂದು ತಂಡದ ಹಿಂದೆಯೂ ದೊಡ್ಡ ಕಂಪನಿಗಳು ಚೆಕ್ಕು ಹಿಡಿದು ಓಡುತ್ತಿದ್ದವು. ಗದ್ದಲದ ಗಿಟಾರ್ ಚೆನ್ನಾಗಿ ಬಲ್ಲ ಅಂಕಲ್ ಟುಪೆಲೊ ಆ ಹೊತ್ತಿನಲ್ಲಿ ವಿದ್ಯುತ್ ಗಿಟಾರ್ ಬದಿಗಿಟ್ಟು, ಜಾರ್ಜಿಯ ರಾಜ್ಯದ ಆಥೆನ್ಸ್ ಎಂಬ ಊರಿಗೆ ಹೋಗಿ, ಅಕೂಸ್ಟಿಕ್ ವಾದ್ಯಗಳಲ್ಲೇ ಐದು ದಿನದಲ್ಲಿ ಒಂದು ಆಲ್ಬಮ್ ಮುಗಿಸಿತು. ನಿರ್ಮಾಪಕರು ಆರ್‌ಇಎಂ ಬ್ಯಾಂಡಿನ ಗಿಟಾರ್ ವಾದಕ ಪೀಟರ್ ಬಕ್. ಹೆಸರು 'ಮಾರ್ಚ್ 16-20, 1992'. ಮುದ್ರಣ ನಡೆದ ದಿನಾಂಕವೇ ಹೆಸರು. ಜಾನಪದ ಸಂಗ್ರಹಕಾರರು ಹಳ್ಳಿಯಲ್ಲಿ ಮುದ್ರಿಸಿಕೊಂಡ ಟೇಪಿನ ಮೇಲೆ ತಾರೀಖು ಬರೆದಿಡುತ್ತಾರಲ್ಲ, ಆ ಬಗೆಯ ಶೀರ್ಷಿಕೆ. ಇದು ನಮ್ಮ ಪ್ರತಿಭೆಯ ಪ್ರದರ್ಶನವಲ್ಲ, ಈ ಐದು ದಿನ ಇಲ್ಲಿ ಹಾಡಿದ ಹಾಡುಗಳ ದಾಖಲೆ ಎಂಬ ವಿನಯ ಅದರಲ್ಲಿ ನನಗೆ ಕಾಣುತ್ತದೆ.

ಹದಿನೈದು ಹಾಡುಗಳಲ್ಲಿ ಹೆಚ್ಚುಕಡಿಮೆ ಅರ್ಧ ಹಳೆಯವು. ಅವುಗಳಲ್ಲಿ ಕೆಲವು, ಜಾನ್ ಕೋಹೆನ್ ಎಂಬ ಸಂಗ್ರಹಕಾರರು 1965ರಲ್ಲಿ ವರ್ಜೀನಿಯ ಮತ್ತು ನಾರ್ತ್ ಕೆರೊಲಿನದ ಬೆಟ್ಟಗಳಲ್ಲಿ ಮುದ್ರಿಸಿಕೊಂಡ ಹಾಡುಗಳ ಸಂಕಲನದಲ್ಲೂ ಇವೆ. ಗೆಳತಿಯನ್ನು ಕೊಂದು ಜೈಲಿನಲ್ಲಿ ಗಲ್ಲಿಗಾಗಿ ಕಾಯುವವನ ಹಾಡಿದೆ. ಸೈತಾನನ ರಾಜ್ಯ ಉರುಳಲಿ ಎನ್ನುವ ಭಕ್ತಿಗೀತೆ ಇದೆ. ಅಣುಬಾಂಬಿನ ಭಯದಲ್ಲಿ ದೇವರನ್ನು ನೆನೆಯುವ, ಲೂವಿನ್ ಸಹೋದರರ ಹಾಡಿದೆ. ಕಳ್ಳಭಟ್ಟಿ ಕಾಯಿಸುವವನ ಹಾಡನ್ನು ಫರಾರ್ ಎಷ್ಟು ನಿಧಾನವಾಗಿ ಹಾಡುತ್ತಾರೆಂದರೆ ಪ್ರತಿ ಸಾಲಿನ ನಡುವೆ ಉಸಿರು ಕೇಳುತ್ತದೆ.

ಆದರೆ ನಾನು ತುಸು ಹೊತ್ತು ನಿಲ್ಲಬೇಕೆಂದಿರುವುದು ಎರಡನೆಯ ಹಾಡಿನ ಬಳಿ, 'ಕೋಲ್‌ಮೈನರ್ಸ್'. ಇದು ಸಾರಾ ಓಗನ್ ಗನಿಂಗ್ ಎಂಬ ಹೆಣ್ಣುಮಗಳ ಹಾಡು. ಕೆಂಟಕಿಯ ಗಣಿ ವಸತಿಗಳಲ್ಲಿ ಹುಟ್ಟಿ ಬೆಳೆದವರು, ಗಣಿ ಕಾರ್ಮಿಕನ ಮಗಳು ಮತ್ತು ಹೆಂಡತಿ. ಅವರ ಅಕ್ಕ ಆಂಟ್ ಮಾಲಿ ಜಾಕ್ಸನ್ ಕೂಡ ಗಣಿ ಹೋರಾಟದ ಹೆಸರಾಂತ ಹಾಡುಗಾರ್ತಿ. ಆ ಗಣಿ ವಸತಿಗಳಲ್ಲಿ ಮನೆ ಕಂಪನಿಯದು, ಅಂಗಡಿ ಕಂಪನಿಯದು. ಸಂಬಳವನ್ನು ಹಲವು ಕಡೆ ನಗದಾಗಿ ಕೊಡದೆ ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯುವ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಕೂಲಿಯವನೇ ಕಂಪನಿಗೆ ಸಾಲಗಾರ. ಗನಿಂಗ್ ಹಸಿವಿಗೂ ಕಾಯಿಲೆಗೂ ತಮ್ಮವರನ್ನು ಕಳೆದುಕೊಂಡವರು. ಅವರ ಹಾಡು ಗಣಿ ಕಾರ್ಮಿಕರನ್ನು ಕೂಗಿ ಕರೆದು ಕೂರಿಸಿಕೊಂಡು, ನನ್ನ ಹೆಸರಿನಲ್ಲೇನೂ ಹೆಚ್ಚುಗಾರಿಕೆ ಇಲ್ಲ, ಹೇಳುವುದು ಮಾತ್ರ ಸತ್ಯ ಎಂದು ಶುರುವಾಗುತ್ತದೆ. ಕೆಲಸದ ಅಪಾಯ, ಪುಡಿಗಾಸಿನ ಕೂಲಿ, ಕಂಪನಿ ಅಂಗಡಿಯ ಸಾಲ, ಗಂಡನನ್ನು ಕಳೆದುಕೊಂಡ ಹೆಂಗಸರು, ತಂದೆಯನ್ನು ಕಳೆದುಕೊಂಡ ಮಕ್ಕಳು ಒಂದೊಂದಾಗಿ ಬರುತ್ತವೆ. ಸಂಘ ಕಟ್ಟಿ ಎಂಬ ಕರೆ ಬರುತ್ತದೆ. ಕೊನೆಗೆ ಈ ಬಂಡವಾಳದ ವ್ಯವಸ್ಥೆಯನ್ನೇ ನರಕದ ಕಗ್ಗತ್ತಲ ಕುಳಿಗೆ ದೂಡೋಣ ಎಂದು ಮುಗಿಯುತ್ತದೆ. ಗಣಿ ಕುಳಿಯಲ್ಲಿ ಗಂಡಂದಿರನ್ನು ಕಳೆದುಕೊಂಡವರಿಗೆ ಕುಳಿಯೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು.

ಈ ಹಾಡನ್ನು ಅಂಕಲ್ ಟುಪೆಲೊ ಮೆತ್ತಗೆ ಮಾಡಲಿಲ್ಲ, ಆ ಕೊನೆಯ ಸಾಲನ್ನು ನುಂಗಲಿಲ್ಲ. ಬರ್ಲಿನ್ ಗೋಡೆ ಬಿದ್ದು ಮೂರು ವರ್ಷವೂ ಆಗಿರಲಿಲ್ಲ, ಸೋವಿಯತ್ ಒಕ್ಕೂಟ ಕಳೆದ ಡಿಸೆಂಬರಿನಲ್ಲಷ್ಟೇ ಇಲ್ಲವಾಗಿತ್ತು. ಇನ್ನು ಇಂಥ ಮಾತಿಗೆ ಜಾಗವಿಲ್ಲ ಎಂದು ಎಲ್ಲೆಡೆ ಹೇಳುತ್ತಿದ್ದ ಹೊತ್ತಿನಲ್ಲಿ ಅವರು ಅದನ್ನು ಹಾಡಿದರು. ಕಲ್ಲಿದ್ದಲಿನ ಮೇಲೆ ಕಟ್ಟಿದ ಊರಿನಿಂದ ಬಂದವರಿಗೆ ಆ ಹಾಡು ವಸ್ತುಸಂಗ್ರಹಾಲಯದ ಸಾಮಾನಾಗಿರಲಿಲ್ಲ. ಪಂಕ್ ಬ್ಯಾಂಡುಗಳು ಹತ್ತು ವರ್ಷ ಕಿರುಚಿ ಹೇಳಲು ಯತ್ನಿಸಿದ್ದನ್ನು ಈ ತಾಯಿ ಅರ್ಧ ಶತಮಾನದ ಹಿಂದೆಯೇ, ವಾದ್ಯದ ಗೊಡವೆಯಿಲ್ಲದೆ, ಹೆಚ್ಚು ಸ್ಪಷ್ಟವಾಗಿ ಹೇಳಿದ್ದರು. ಅಂಕಲ್ ಟುಪೆಲೊ ಅದನ್ನು ಕೇಳಿಸಿಕೊಂಡು ದಾರಿ ಬಿಟ್ಟುಕೊಟ್ಟಿತು. ಇಡೀ ಆಲ್ಬಮ್‌ನಲ್ಲಿ ಕರ್ಕಶ ಗಿಟಾರ್ ಇಲ್ಲವೆಂದೇ ಹೇಳಬಹುದು, ಆದರೆ ಅವರ ನಾಲ್ಕು ಆಲ್ಬಮ್‌ಗಳಲ್ಲಿ ಮನೋಧರ್ಮದಿಂದ ಅತ್ಯಂತ ಪಂಕ್ ಆದದ್ದು ಇದೇ ಎಂದು ನಾನು ನಂಬುತ್ತೇನೆ.

ಇನ್ನೊಂದು ವಿಷಯ. ಫರಾರ್ ಮತ್ತು ಟ್ವೀಡಿ ಬರೆದ ಹೊಸ ಹಾಡುಗಳು ಈ ಹಳೆಯ ಹಾಡುಗಳ ನಡುವೆ ಕುಳಿತಿವೆ. ಮೊದಲ ಸಲ ಕೇಳುವವರಿಗೆ ಯಾವುದು 1930ರದು, ಯಾವುದು 1992ರದು ಎಂದು ಬೇರ್ಪಡಿಸುವುದು ಕಷ್ಟ. ಹಳೆಯ ಮಾತಿನ ನಕಲು ಮಾಡಿದ್ದರಿಂದ ಹೀಗಾಗಲಿಲ್ಲ. ಸಾಲುಗಳನ್ನು ಅಷ್ಟೇ ಬರಿದಾಗಿಸಿ, ಸ್ವಂತ ಮನಸ್ಸಿನ ವರ್ಣನೆಗಿಂತ ಕಣ್ಣೆದುರಿನ ಸಂಗತಿಯನ್ನೇ ಮುಂದಿಟ್ಟಿದ್ದರಿಂದ ಹೀಗಾಯಿತು. ಜನಪದ ಕವಿಯಿಂದ ಅವರು ಕಲಿತ ದೊಡ್ಡ ಪಾಠ ಅದು. ಬ್ಯಾಂಡಿನ ಸಾಮಾನು ಹೊರುತ್ತಿದ್ದ ಬ್ರಯನ್ ಹೆನೆಮನ್ ಈ ಆಲ್ಬಮ್‌ನಲ್ಲಿ ಮ್ಯಾಂಡೊಲಿನ್ ಮತ್ತಿತರ ತಂತಿವಾದ್ಯಗಳನ್ನು ನುಡಿಸಿದ್ದಾರೆ. ಮುಂದೆ ಅವರೇ ಬಾಟಲ್ ರಾಕೆಟ್ಸ್ ಎಂಬ ಒಳ್ಳೆಯ ಬ್ಯಾಂಡ್ ಕಟ್ಟಿದರು.

ಇದಾದ ಮೇಲೆ ಹೈಡಾರ್ನ್ ಸಂಸಾರಕ್ಕಾಗಿ ಬ್ಯಾಂಡ್ ಬಿಟ್ಟರು. ಡ್ರಮ್‌ಗೆ ಕೆನ್ ಕೂಮರ್, ಬೇಸ್‌ಗೆ ಜಾನ್ ಸ್ಟಿರಾಟ್, ಫಿಡಲ್ ಮತ್ತಿತರ ತಂತಿವಾದ್ಯಗಳಿಗೆ ಮ್ಯಾಕ್ಸ್ ಜಾನ್‌ಸ್ಟನ್ ಬಂದರು. ದೊಡ್ಡ ಕಂಪನಿಯಾದ ಸೈರ್ ಕೈಹಿಡಿಯಿತು. 1993ರ ಅಕ್ಟೋಬರಿನಲ್ಲಿ ಬಂದ 'ಅನೊಡೈನ್' ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಬಹುಮಟ್ಟಿಗೆ ಎಲ್ಲರೂ ಒಟ್ಟಿಗೆ ನಿಂತು ನುಡಿಸಿ ಮುದ್ರಿಸಿದ್ದು. ಟೆಕ್ಸಾಸ್ ಸಂಗೀತದ ಹಿರಿಯ ಡಗ್ ಸಾಮ್ ತಮ್ಮದೇ ಹಳೆಯ ಹಾಡೊಂದಕ್ಕೆ ಇದರಲ್ಲಿ ದನಿಗೂಡಿಸಿದ್ದಾರೆ. ವಾದನದ ದೃಷ್ಟಿಯಿಂದ ಇದು ಅವರ ಅತ್ಯಂತ ಪಳಗಿದ ಆಲ್ಬಮ್.

ಅದರಲ್ಲಿ ಟ್ವೀಡಿ ಅವರ 'ನ್ಯೂ ಮ್ಯಾಡ್ರಿಡ್' ಎಂಬ ಬ್ಯಾಂಜೊ ಹಾಡಿದೆ. ಮಿಸೌರಿಯ ನ್ಯೂ ಮ್ಯಾಡ್ರಿಡ್ 1811-12ರ ಭಾರಿ ಭೂಕಂಪಗಳಿಗೆ ಹೆಸರಾದ ಜಾಗ. ಐಬೆನ್ ಬ್ರೌನಿಂಗ್ ಎಂಬವರು 1990ರ ಡಿಸೆಂಬರ್ 3ರ ಆಸುಪಾಸಿನಲ್ಲಿ ಅಲ್ಲಿ ಮತ್ತೆ ದೊಡ್ಡ ಭೂಕಂಪವಾಗುತ್ತದೆ ಎಂದು ಭವಿಷ್ಯ ನುಡಿದಿದ್ದರು. ಶಾಲೆಗಳನ್ನು ಮುಚ್ಚಿದರು, ಟಿ.ವಿ. ವಾಹನಗಳು ಬಂದು ನಿಂತವು. ಭೂಮಿ ಅಲುಗಲಿಲ್ಲ. ಆ ಸುದ್ದಿಯನ್ನು ಟ್ವೀಡಿ ಒಂದು ಪ್ರೇಮಗೀತೆಯೊಳಗೆ ಇಟ್ಟರು. ಬ್ರೌನಿಂಗ್ ಅವರ ಹೆಸರೂ ಹಾಡಿನಲ್ಲಿ ಬರುತ್ತದೆ. ನೂರು ವರ್ಷ ಹಿಂದೆ ಜಾನ್ ಹಾರ್ಡಿಯ ಗಲ್ಲುಶಿಕ್ಷೆಯನ್ನು ಹಾಡು ಕಟ್ಟಿದವರ ಕಸುಬು ಇದೇ ತಾನೆ.

1994ರ ಜನವರಿಯಲ್ಲಿ ಫರಾರ್ ತಾವು ಹೊರಡುವುದಾಗಿ ಮ್ಯಾನೇಜರ್‌ಗೆ ತಿಳಿಸಿದರು. ಮೇ 1ರಂದು ಸೇಂಟ್ ಲೂಯಿಸ್‌ನ ಮಿಸಿಸಿಪಿ ನೈಟ್ಸ್ ಎಂಬ ಕ್ಲಬ್ಬಿನಲ್ಲಿ ಕೊನೆಯ ಕಛೇರಿ ನಡೆಯಿತು. ಹಳೆಯ ಗೆಳೆಯ ಹೈಡಾರ್ನ್ ಕೂಡ ಅಂದು ಬಂದು ನುಡಿಸಿದರು. ಇಬ್ಬರು ಗೆಳೆಯರ ನಡುವೆ ಏನಾಯಿತು ಎಂಬುದರ ಬಗ್ಗೆ ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಹೇಳಿಕೊಂಡಿದ್ದಾರೆ. ಆ ಜಗಳಕ್ಕೆ ಅಭ್ಯಾಸಿಗಳು ಕೊಟ್ಟಿರುವ ಗಮನ ಹಾಡುಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಯಿತು ಎಂಬ ಬೇಸರ ನನಗಿದೆ. ಮೊದಲ ಮೂರು ಆಲ್ಬಮ್‌ಗಳ ಹಕ್ಕಿಗಾಗಿ ಅವರು ಹಳೆಯ ಕಂಪನಿಯೊಡನೆ ವ್ಯಾಜ್ಯ ನಡೆಸಬೇಕಾಯಿತು. 2000ದಲ್ಲಿ ಹಕ್ಕು ಮರಳಿ ಬಂತು, 2003ರಲ್ಲಿ ಆಲ್ಬಮ್‌ಗಳು ಮರುಬಿಡುಗಡೆಯಾದವು.

ಫರಾರ್ ಅವರು ಹೈಡಾರ್ನ್ ಜೊತೆ ಸನ್ ವೋಲ್ಟ್ ಕಟ್ಟಿದರು. 1995ರ 'ಟ್ರೇಸ್' ಆಲ್ಬಮ್ ಪಂಕ್ ಮತ್ತು ಕಂಟ್ರಿ ಬೆರೆತ ಈ ಪ್ರಕಾರದ ಅತ್ಯುತ್ತಮ ಕೃತಿಗಳಲ್ಲಿ ಒಂದು. ಟ್ವೀಡಿ ಮತ್ತು ಉಳಿದವರು ವಿಲ್ಕೊ ಆದರು. ವಿಲ್ಕೊ ಕ್ರಮೇಣ ಕಂಟ್ರಿಯಿಂದ ದೂರ ಸರಿದು ಎಲೆಕ್ಟ್ರಾನಿಕ್ ನಾದ, ರೇಡಿಯೊ ಗೊರಗೊರ ಎಲ್ಲವನ್ನೂ ಸೇರಿಸಿಕೊಂಡಿತು. 1995ರಲ್ಲೇ ಸಿಯಾಟಲ್‌ನಲ್ಲಿ ಗ್ರಾಂಟ್ ಆಲ್ಡನ್ ಮತ್ತು ಪೀಟರ್ ಬ್ಲ್ಯಾಕ್‌ಸ್ಟಾಕ್ 'ನೋ ಡಿಪ್ರೆಶನ್' ಹೆಸರಿನ ಪತ್ರಿಕೆ ತಂದರು. ಮೊದಲ ಸಂಚಿಕೆಯ ಮುಖಪುಟದಲ್ಲಿ ಸನ್ ವೋಲ್ಟ್ ಇತ್ತು. 1936ರ ಭಜನೆಯ ಹೆಸರು ಆಲ್ಬಮ್‌ಗೆ, ಅಲ್ಲಿಂದ ಪತ್ರಿಕೆಗೆ, ಅಲ್ಲಿಂದ ಇಡೀ ಸಂಗೀತ ಪ್ರಕಾರಕ್ಕೇ ಹರಿದುಬಂತು. ವಿಸ್ಕಿಟೌನ್, ಓಲ್ಡ್ 97ಸ್, ಡ್ರೈವ್-ಬೈ ಟ್ರಕ್ಕರ್ಸ್ ಮುಂತಾದ ತಂಡಗಳನ್ನು ಈ ಪ್ರಕಾರದ ಬಳಗಕ್ಕೇ ಸೇರಿಸುತ್ತಾರೆ.

ಇಬ್ಬರೂ ಬೇರೆಯಾದ ಮೇಲೆ ನಡೆದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಅಮೆರಿಕದ ಜನಪರ ಹಾಡುಗಾರ ವುಡಿ ಗತ್ರಿ 1967ರಲ್ಲಿ ತೀರಿಕೊಂಡಾಗ, ಧಾಟಿ ಉಳಿಯದ ನೂರಾರು ಹಾಡುಗಳ ಸಾಹಿತ್ಯ ಕಾಗದದಲ್ಲಿ ಉಳಿದಿತ್ತು. ಅವರ ಮಗಳು ನೋರಾ ಗತ್ರಿ ಆ ಹಾಳೆಗಳನ್ನು ಹೊಸ ಕಲಾವಿದರ ಕೈಗಿತ್ತರು. ಇಂಗ್ಲೆಂಡಿನ ಬಿಲ್ಲಿ ಬ್ರ್ಯಾಗ್ ಜೊತೆ ಟ್ವೀಡಿಯವರ ವಿಲ್ಕೊ ಅವಕ್ಕೆ ರಾಗ ಹಾಕಿ 1998ರಲ್ಲಿ 'ಮರ್ಮೇಡ್ ಅವೆನ್ಯೂ' ತಂದಿತು. 2012ರಲ್ಲಿ ಫರಾರ್ ಬೇರೆ ಮೂವರು ಗಾಯಕರೊಡನೆ ಅದೇ ಸಂಗ್ರಹದ ಬೇರೆ ಹಾಳೆಗಳಿಗೆ ರಾಗ ಕಟ್ಟಿ 'ನ್ಯೂ ಮಲ್ಟಿಟ್ಯೂಡ್ಸ್' ತಂದರು. ಒಂದೇ ವೇದಿಕೆ ಹಂಚಿಕೊಳ್ಳದ ಇಬ್ಬರೂ ಒಂದೇ ಹಿರಿಯರ ಕಾಗದದ ಪೆಟ್ಟಿಗೆಗೆ ಬೇರೆ ಬೇರೆ ಕಾಲದಲ್ಲಿ ಹೋದರು. ಹದಿಹರೆಯದಲ್ಲಿ ಜೊತೆಯಾಗಿ ಹಿಡಿದ ದಾರಿಯನ್ನು ಇಬ್ಬರೂ ಬಿಟ್ಟಿರಲಿಲ್ಲ.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಮಾತು ಅರ್ಥವಾಗದಿದ್ದರೆ ಈ ಹಾಡು ಕೇಳಿ ಪ್ರಯೋಜನವೇನು ಎಂದು ಒಬ್ಬರು ಕೇಳಿದರು. ಫರಾರ್ ಉಚ್ಚರಿಸುವ ರೀತಿಯಲ್ಲಿ ಅಮೆರಿಕದವರಿಗೇ ಎಲ್ಲ ಪದ ಹಿಡಿಯುವುದು ಸುಲಭವಲ್ಲ. ಮೊದಲು ಧ್ವನಿಯನ್ನು ಕೇಳಿ, ಎರಡನೆಯ ಸಲ ಸಾಹಿತ್ಯವನ್ನು ಮುಂದಿಟ್ಟುಕೊಳ್ಳಿ. 'ಕೋಲ್‌ಮೈನರ್ಸ್' ಹಾಡಿಗಂತೂ ಸಾಹಿತ್ಯ ಇಲ್ಲದೆ ಕೂರಬೇಡಿ.

ಎಲ್ಲಿಂದ ಆರಂಭಿಸಬೇಕು ಎಂಬುದು ಇನ್ನೊಬ್ಬರ ಪ್ರಶ್ನೆ. ಹೆಚ್ಚಿನವರು 'ಅನೊಡೈನ್' ಎನ್ನುತ್ತಾರೆ, ಅದು ಕಿವಿಗೆ ಬೇಗ ಹತ್ತುತ್ತದೆ ಎಂಬ ಕಾರಣಕ್ಕೆ. ನಾನು ಬೇರೆ ದಾರಿ ಹೇಳುತ್ತೇನೆ. ಮೊದಲು ಕಾರ್ಟರ್ ಕುಟುಂಬದ 1936ರ ಮುದ್ರಣ, ಅದರ ಬೆನ್ನಿಗೇ ಅಂಕಲ್ ಟುಪೆಲೊ ಹಾಡಿದ ಅದೇ ಹಾಡು. ಆಮೇಲೆ ಲೆಡ್ ಬೆಲ್ಲಿಯ 'ಜಾನ್ ಹಾರ್ಡಿ', ಅದರ ಬೆನ್ನಿಗೆ ಇವರದು. ಆಮೇಲೆ ಸಾರಾ ಓಗನ್ ಗನಿಂಗ್ ವಾದ್ಯವಿಲ್ಲದೆ ಹಾಡಿದ್ದು, ಅದರ ಬೆನ್ನಿಗೆ 'ಮಾರ್ಚ್ 16-20, 1992' ಇಡಿಯಾಗಿ. ಬಿಡಿಬಿಡಿಯಾಗಿ ಕೇಳುವುದಕ್ಕಿಂತ ಈ ಜೋಡಿಗಳಲ್ಲಿ ಕೇಳಿದರೆ, ಆ ಹುಡುಗರು ಏನನ್ನು ಇಟ್ಟುಕೊಂಡರು, ಏನನ್ನು ಬದಲಿಸಿದರು ಎಂಬುದು ನಿಮ್ಮ ಕಿವಿಗೇ ತಿಳಿಯುತ್ತದೆ.